ಡ್ರೈಯರಿನ ಏರ್ ವೆಂಟ್: ಕೊಟೇಷನ್ನಿನ ಕೊನೆಯ ಸಾಲಿಗೆ ಮೊದಲ ಗಮನ ಬೇಕು

ಬೀದರಿನ ಗಾಂಧಿ ಗಂಜದಲ್ಲಾಗಲಿ, ಭಾಲ್ಕಿ, ಔರಾದ ಮಾರುಕಟ್ಟೆಗಳಲ್ಲಾಗಲಿ ಕಾಳಿನ ಬೆಲೆಯನ್ನು ನಿರ್ಧರಿಸುವ ಅಂಶಗಳಲ್ಲಿ ತೇವಾಂಶಕ್ಕೆ ಅಗ್ರಸ್ಥಾನವಿದೆ. ಹೆಸರು ಮತ್ತು ಉದ್ದು ಮಳೆಗಾಲ ಮುಗಿಯುವ ಮುನ್ನವೇ ಗಂಜಕ್ಕೆ ಬರುತ್ತವೆ. ತೊಗರಿಯ ಆವಕ ಡಿಸೆಂಬರ್ ನಂತರ ಏರುತ್ತದೆ. ಮೊದಲಿನ ಎರಡು ಕಾಳುಗಳನ್ನು ಕೊಂಡ ವರ್ತಕನಿಗೆ ಮೋಡ ಕವಿದ ಆಕಾಶವೇ ಶತ್ರು. ಮೂರನೆಯದನ್ನು ಬೇಳೆ ಮಾಡುವ ಮಿಲ್ಲಿನವನಿಗೆ ಎಣ್ಣೆ ನೀರು ಉಣಿಸಿದ ಕಾಳನ್ನು ಹದವಾಗಿ ಒಣಗಿಸುವುದೇ ದೊಡ್ಡ ಕೆಲಸ. ಅಂಗಳದ ಬಿಸಿಲನ್ನೇ ನಂಬಿದ್ದ ಕಾಲದಿಂದ ಬೇಳೆ ಉದ್ದಿಮೆ ಮುಂದೆ ಬಂದಿದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಬಿಸಿಗಾಳಿಯಿಂದ ಕಾಳನ್ನು ಹದಗೊಳಿಸಿ ಬೇಳೆ ಮಾಡುವ ವಿಧಾನವನ್ನು ರೂಪಿಸಿ ದಶಕಗಳೇ ಸಂದಿವೆ. ಇಂದು ಡ್ರೈಯರ್ ಇಟ್ಟುಕೊಂಡ ಮಿಲ್ಲು ಹವಾಮಾನದ ಮರ್ಜಿಗೆ ಕಾಯಬೇಕಾಗಿಲ್ಲ.

ಆದರೆ ಡ್ರೈಯರ್ ಕೊಂಡ ಮಾತ್ರಕ್ಕೆ ಲಾಭ ಕೈಸೇರುವುದಿಲ್ಲ. ಬಾಯ್ಲರಿನ ಉಗಿಯಿಂದ ನಡೆಯುವ ಡ್ರೈಯರುಗಳಲ್ಲಿ ಗಾಳಿಯನ್ನು ಕಾಯಿಸುವ ಭಾಗಕ್ಕೆ ರೇಡಿಯೇಟರ್ ಎಂದು ಹೆಸರು. ಕೊಳವೆಗಳ ಒಳಗೆ ಉಗಿ, ಹೊರಗೆ ಬ್ಲೋವರ್ ತಳ್ಳುವ ಗಾಳಿ: ಇದು ಅದರ ಸರಳ ವ್ಯವಸ್ಥೆ. ಈ ರೇಡಿಯೇಟರಿನ ಕೊನೆಯಲ್ಲಿ ಮುಷ್ಟಿ ಗಾತ್ರದ ಒಂದು ಉಪಕರಣ ಇರಬೇಕು. ಒಳಗೆ ಸೇರಿಕೊಂಡ ಗಾಳಿಯನ್ನು ಹೊರಬಿಟ್ಟು, ಉಗಿ ಬಂದೊಡನೆ ಮುಚ್ಚಿಕೊಳ್ಳುವುದು ಅದರ ಕೆಲಸ. ಅದನ್ನು ಏರ್ ವೆಂಟ್ ಎನ್ನುತ್ತಾರೆ. ಬಾಯ್ಲರಿನ ಕೊಟೇಷನ್ನನ್ನು ಹತ್ತು ಬಾರಿ ಓದುವ ಮಾಲೀಕರು ಈ ಉಪಕರಣವನ್ನು "ವಾಲ್ವ್ ಮತ್ತು ಫಿಟಿಂಗ್ಸ್" ಎಂಬ ಕೊನೆಯ ಸಾಲಿಗೆ ಬಿಟ್ಟುಬಿಡುತ್ತಾರೆ. ಆ ಸಾಲಿನಲ್ಲಿ ಅದು ಕೆಲವೊಮ್ಮೆ ಇರುವುದೇ ಇಲ್ಲ. ಇದ್ದರೂ ಯಾವ ಬಗೆಯದು, ಯಾವ ಅಳತೆಯದು ಎಂಬ ವಿವರ ಇರುವುದಿಲ್ಲ. ಈ ಉದಾಸೀನಕ್ಕೆ ಉದ್ದಿಮೆಯು ಪ್ರತಿದಿನವೂ ಬೆಲೆ ತೆರುತ್ತದೆ. ಆ ಬೆಲೆ ಲೆಕ್ಕಪತ್ರದಲ್ಲಿ ತನ್ನ ಹೆಸರಿನಿಂದ ಕಾಣಿಸಿಕೊಳ್ಳದಿರುವುದೇ ಇಲ್ಲಿಯ ಮುಖ್ಯ ಸಮಸ್ಯೆ.

ಉಗಿಯ ಜೊತೆಗೆ ಗಾಳಿ ಎಲ್ಲಿಂದ?

ಬಾಯ್ಲರಿನಿಂದ ಹೊರಡುವುದು ಉಗಿ ಮಾತ್ರ ಎಂಬುದು ಸಾಮಾನ್ಯ ನಂಬಿಕೆ. ಸಂಜೆ ಬಾಯ್ಲರ್ ಆರಿದ ಮೇಲೆ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. ವಾಯುಮಂಡಲದ ಒತ್ತಡದಲ್ಲಿ ಒಂದು ಕೆ.ಜಿ. ಉಗಿ ಒಂದು ಕೆ.ಜಿ. ನೀರಿಗಿಂತ 1,600 ಪಟ್ಟಿಗೂ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ತಣ್ಣಗಾದಾಗ ಅದು ನೀರಾಗಿ ಕುಗ್ಗುತ್ತದೆ, ಪೈಪಿನೊಳಗೆ ನಿರ್ವಾತ ಉಂಟಾಗುತ್ತದೆ. ಆ ನಿರ್ವಾತವು ಗ್ಲ್ಯಾಂಡು, ಜೋಡಣೆ, ಕವಾಟಗಳ ಸಂದುಗಳಿಂದ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಬಾಯ್ಲರ್ ಹೊತ್ತಿಸುವಾಗ ಇಡೀ ಲೈನು, ಇಡೀ ರೇಡಿಯೇಟರು ಗಾಳಿಯಿಂದ ತುಂಬಿರುತ್ತದೆ.

ಇದು ಬೆಳಗಿನ ಮಾತಾಯಿತು. ದಿನವಿಡೀ ಸೇರುವ ಗಾಳಿಯೂ ಇದೆ. ಬಾಯ್ಲರಿಗೆ ಹಾಕುವ ನೀರಿನಲ್ಲಿ ಗಾಳಿ ಕರಗಿರುತ್ತದೆ. ಕೊಳವೆಬಾವಿಯ ನೀರಿನಲ್ಲಿರುವ ಬೈಕಾರ್ಬೊನೇಟುಗಳು ಬಾಯ್ಲರಿನ ಶಾಖಕ್ಕೆ ಒಡೆದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಈ ಅನಿಲ ಉಗಿಯ ಜೊತೆ ಸಾಗಿ, ತಣಿದ ನೀರಿನಲ್ಲಿ ಕರಗಿ, ಆಮ್ಲವಾಗಿ ಕಂಡೆನ್ಸೇಟ್ ಪೈಪನ್ನು ಒಳಗಿನಿಂದ ತಿನ್ನುತ್ತದೆ. ಅಂದರೆ ಗಾಳಿಯನ್ನು ಹೊರಬಿಡದ ರೇಡಿಯೇಟರ್ ಕಡಿಮೆ ಕಾಯುವುದಷ್ಟೇ ಅಲ್ಲ, ಬೇಗ ಸವೆಯುತ್ತದೆ ಕೂಡ.

ಹಗಲಿರುಳು ನಡೆಯುವ ಕಾರ್ಖಾನೆಗೂ ಒಂದೇ ಪಾಳಿಯಲ್ಲಿ ನಡೆಯುವ ಬೇಳೆ ಮಿಲ್ಲಿಗೂ ಇಲ್ಲಿ ಒಂದು ವ್ಯತ್ಯಾಸವಿದೆ. ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಎಡೆಬಿಡದೆ ನಡೆಯುವ ಔಷಧ ಘಟಕವಿದ್ದರೆ ಅದು ಅಪರೂಪಕ್ಕೊಮ್ಮೆ ತಣ್ಣಗಿನಿಂದ ಆರಂಭಿಸಬೇಕಾದೀತು. ಗಂಜದ ಮಿಲ್ಲು ನಿತ್ಯವೂ ತಣ್ಣಗಿನಿಂದಲೇ ಆರಂಭಿಸುತ್ತದೆ. ಆದ್ದರಿಂದ ಏರ್ ವೆಂಟ್ ದೊಡ್ಡವರ ವಸ್ತು, ಸಣ್ಣ ಮಿಲ್ಲಿಗೆ ಅದೇಕೆ ಎಂಬ ಮಾತು ತಲೆಕೆಳಗಾದದ್ದು. ಸಣ್ಣ ಮಿಲ್ಲಿಗೇ ಅದರ ಅಗತ್ಯ ಹೆಚ್ಚು.

ಮಾಪಕ ತೋರಿಸುವ ಒತ್ತಡ, ತೋರಿಸದ ನಷ್ಟ

ರೇಡಿಯೇಟರಿನಲ್ಲಿ ಗಾಳಿ ಉಳಿದರೆ ಎರಡು ಬಗೆಯ ಕೆಡುಕು ಉಂಟು. ಮೊದಲನೆಯದು, ಗಾಳಿಯು ಕೊಳವೆಯ ಒಳಮೈಗೆ ತೆಳುಪದರವಾಗಿ ಅಂಟಿಕೊಳ್ಳುತ್ತದೆ. ಗಾಳಿಯ ಶಾಖವಾಹಕತೆ ನೀರಿನ ಶಾಖವಾಹಕತೆಯ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಕಬ್ಬಿಣಕ್ಕೆ ಹೋಲಿಸಿದರೆ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಚಳಿಗಾಲದಲ್ಲಿ ಕಂಬಳಿಯು ಮೈಶಾಖವನ್ನು ಹಿಡಿದಿಡುವುದು ತನ್ನೊಳಗಿನ ಗಾಳಿಯಿಂದಲೇ. ಅದೇ ಕಂಬಳಿಯನ್ನು ರೇಡಿಯೇಟರಿನ ಒಳಗೆ ಹೊದಿಸಿದಂತೆ ಇದು.

ಎರಡನೆಯ ಕೆಡುಕು ಇನ್ನೂ ಸೂಕ್ಷ್ಮವಾದುದು. ಅನಿಲಗಳ ಮಿಶ್ರಣದಲ್ಲಿ ಪ್ರತಿಯೊಂದು ಅನಿಲವೂ ಒಟ್ಟು ಒತ್ತಡದಲ್ಲಿ ತನ್ನ ಪಾಲನ್ನಷ್ಟೇ ಹೊರುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ 19ನೇ ಶತಮಾನದ ಆರಂಭದಲ್ಲೇ ತಿಳಿಸಿದನು. ಪಾಲುದಾರಿಕೆ ಸಂಸ್ಥೆಯ ಲಾಭ ಹಂಚಿಕೆಯಂತೆಯೇ ಇದು. ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮಾಪಕ 3 ಬಾರ್ ತೋರಿಸುತ್ತಿದೆ. ವಾಯುಮಂಡಲದ 1 ಬಾರ್ ಸೇರಿಸಿದರೆ ಒಟ್ಟು 4 ಬಾರ್. ಶುದ್ಧ ಉಗಿಯಾಗಿದ್ದರೆ ಅದರ ತಾಪ ಸುಮಾರು 143.6 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದೇ ಜಾಗದಲ್ಲಿ ಶೇ. 25ರಷ್ಟು ಗಾಳಿ ಸೇರಿದ್ದರೆ ಉಗಿಯ ಪಾಲಿಗೆ 3 ಬಾರ್ ಮಾತ್ರ ಉಳಿಯುತ್ತದೆ, ತಾಪ 133.5 ಡಿಗ್ರಿಗೆ ಇಳಿಯುತ್ತದೆ. ಮಾಪಕದ ಮುಳ್ಳು ಮಾತ್ರ ಒಂದು ಕೂದಲೆಳೆಯಷ್ಟೂ ಕದಲುವುದಿಲ್ಲ.

10 ಡಿಗ್ರಿ ಎಂದರೆ ಎಷ್ಟು ದೊಡ್ಡ ವಿಷಯ ಎಂದು ಕೇಳಬಹುದು. ರೇಡಿಯೇಟರಿನ ಮೂಲಕ ಹಾಯುವ ಗಾಳಿಯ ಸರಾಸರಿ ತಾಪ 70 ಡಿಗ್ರಿ ಎಂದು ಇಟ್ಟುಕೊಳ್ಳೋಣ. ಶಾಖವನ್ನು ತಳ್ಳುವ ಅಂತರ ಮೊದಲು 73.6 ಡಿಗ್ರಿ ಇದ್ದದ್ದು ಈಗ 63.5 ಆಯಿತು. ಇದು ಸುಮಾರು ಶೇ. 14ರ ಇಳಿಕೆ. ಒಳಮೈಗೆ ಅಂಟಿದ ಗಾಳಿಪದರದ ನಷ್ಟ ಇದರಲ್ಲಿ ಸೇರಿಲ್ಲ. ಏಳು ಗಂಟೆಗಳಲ್ಲಿ ಮುಗಿಯಬೇಕಾದ ಲಾಟಿಗೆ ಎಂಟು ಗಂಟೆಗಳು ಬೇಕಾಗುತ್ತವೆ. 56 ಗಂಟೆಗಳ ಕೆಲಸದ ವಾರದಲ್ಲಿ ಎಂಟು ಲಾಟುಗಳ ಬದಲಿಗೆ ಏಳು ಲಾಟುಗಳಷ್ಟೇ ಹೊರಬರುತ್ತವೆ.

ಈ ಹಂತದಲ್ಲಿ ಮಾಲೀಕರು ಸಾಮಾನ್ಯವಾಗಿ ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತಾರೆ. ಒಂದು, ಒತ್ತಡ ಏರಿಸು ಎಂದು ಬಾಯ್ಲರ್ ಅಟೆಂಡೆಂಟನಿಗೆ ಹೇಳುವುದು. ಇನ್ನೊಂದು, ಬಾಯ್ಲರ್ ಸಾಲದು, ದೊಡ್ಡದು ಬೇಕು ಎಂದು ಬ್ಯಾಂಕಿನ ಕದ ತಟ್ಟುವುದು. ಮೊದಲನೆಯದರಿಂದ ಸೌದೆ ಹೆಚ್ಚು ಉರಿಯುತ್ತದೆ. ಪರವಾನಗಿಯಲ್ಲಿ ನಮೂದಾದ ಒತ್ತಡದ ಮಿತಿಯನ್ನು ಮೀರುವ ದುರಾಸೆ ಹುಟ್ಟಿದರೆ ಜೀವಕ್ಕೇ ಸಂಚಕಾರ. ಎರಡನೆಯದರಿಂದ ಸಾಲದ ಬಡ್ಡಿ ಹೆಗಲೇರುತ್ತದೆ. ಹೊಸ ಬಾಯ್ಲರಿನ ಉಗಿಯೂ ಅದೇ ಗಾಳಿ ತುಂಬಿದ ರೇಡಿಯೇಟರಿಗೇ ಹೋಗುತ್ತದೆ.

ಪರೀಕ್ಷೆ ಸುಲಭವಾಗಿದೆ. ರೇಡಿಯೇಟರಿನಲ್ಲಿ ಉಗಿ ಪ್ರವೇಶಿಸುವ ತುದಿಗೆ ದೂರವಾದ ಕಡೆ ಒಂದು ತಾಪಮಾಪಕವನ್ನು ಕೂರಿಸಿ, ಒತ್ತಡದ ಮಾಪಕದೊಡನೆ ಹೋಲಿಸಬೇಕು. 1 ಬಾರ್ ತೋರಿಸುವಾಗ ಸುಮಾರು 120 ಡಿಗ್ರಿ, 3 ಬಾರಿಗೆ 144, 5 ಬಾರಿಗೆ 159, 7 ಬಾರಿಗೆ 170 ಡಿಗ್ರಿಯ ಆಸುಪಾಸು ಇರಬೇಕು. ಕೆಲಸ ನಡೆಯುತ್ತಿರುವಾಗ ಇದಕ್ಕಿಂತ ಗಣನೀಯವಾಗಿ ಕಡಿಮೆ ಇದ್ದರೆ ಅಲ್ಲಿ ಗಾಳಿ ನಿಂತಿದೆ, ಇಲ್ಲವೇ ನೀರು ನಿಂತಿದೆ. ಬ್ಯಾಂಕಿನ ಪಾಸ್‌ಪುಸ್ತಕವನ್ನು ತನ್ನ ರೋಜುಕೀರ್ದಿಯೊಡನೆ ತಾಳೆ ನೋಡುವ ವರ್ತಕನಿಗೆ ಈ ತಾಳೆ ನೋಡುವುದು ಕಷ್ಟವಲ್ಲ.

ಸ್ಟೀಮ್ ಟ್ರ್ಯಾಪ್ ಇದೆಯಲ್ಲ?

ನೀರನ್ನು ಹೊರಹಾಕುವ ಸ್ಟೀಮ್ ಟ್ರ್ಯಾಪೇ ಗಾಳಿಯನ್ನೂ ಹೊರಹಾಕುತ್ತದೆ ಎಂಬ ಸಮಾಧಾನ ಅನೇಕರಲ್ಲಿದೆ. ಇದು ಅರ್ಧಸತ್ಯ. ಒಳಗೆ ತೇಲುಬುರುಡೆ ಇರುವ ಫ್ಲೋಟ್ ಟ್ರ್ಯಾಪಿನಲ್ಲಿ ಪ್ರತ್ಯೇಕ ಥರ್ಮೋಸ್ಟ್ಯಾಟಿಕ್ ಏರ್ ವೆಂಟ್ ಜೋಡಿಸಿದ್ದರೆ ಅದು ತನ್ನ ಬಳಿಗೆ ಬಂದ ಗಾಳಿಯನ್ನು ಚೆನ್ನಾಗಿಯೇ ಬಿಡುತ್ತದೆ. ತಲೆಕೆಳಗಾದ ಬಕೆಟ್ ಮಾದರಿಯ ಟ್ರ್ಯಾಪು ಬಕೆಟ್ಟಿನ ನೆತ್ತಿಯ ಸಣ್ಣ ರಂಧ್ರದ ಮೂಲಕ ನಿಧಾನವಾಗಿ ಮಾತ್ರ ಬಿಡುತ್ತದೆ. ಟಕ್ ಟಕ್ ಸದ್ದು ಮಾಡುವ, ಬಿಲ್ಲೆಯಿರುವ ಥರ್ಮೋಡೈನಾಮಿಕ್ ಟ್ರ್ಯಾಪು ಬೆಳಗಿನ ಆರಂಭದಲ್ಲಿ ವೇಗವಾಗಿ ನುಗ್ಗುವ ಗಾಳಿಯನ್ನೇ ಉಗಿಯೆಂದು ಭ್ರಮಿಸಿ ಮುಚ್ಚಿಕೊಳ್ಳಬಹುದು. ಆಗ ಗಾಳಿ ಹೊರಹೋಗದು, ನೀರೂ ಹೋಗದು.

ಇನ್ನು ಕೆಲವೆಡೆ ಸಾಮಾನ್ಯ ಕಾಕ್ ಒಂದನ್ನು ಇಟ್ಟು ಬೆಳಿಗ್ಗೆ ತೆರೆದು ಮುಚ್ಚುವ ಪದ್ಧತಿ ಇದೆ. ಇದು ಏನೂ ಇಲ್ಲದಿರುವುದಕ್ಕಿಂತ ಮೇಲು. ಆದರೆ ಇದು ಆಳಿನ ನೆನಪಿನ ಮೇಲೆ ನಿಂತಿದೆ. ಬೇಗ ಮುಚ್ಚಿದರೆ ಗಾಳಿ ಉಳಿಯುತ್ತದೆ, ಮರೆತು ತೆರೆದಿಟ್ಟರೆ ಉಗಿ ಪೋಲಾಗುತ್ತದೆ, ಹಗಲಿನಲ್ಲಿ ಸೇರುವ ಅನಿಲಕ್ಕೆ ದಾರಿಯೇ ಇರುವುದಿಲ್ಲ. ತಾನಾಗಿಯೇ ತೆರೆದು ತಾನಾಗಿಯೇ ಮುಚ್ಚುವ ವೆಂಟ್ ಬೇಕೆನ್ನುವುದು ಇದಕ್ಕಾಗಿ.

ಕೊಳ್ಳುವ ಮೊದಲು ನಾಲ್ಕು ಪ್ರಶ್ನೆಗಳು

ಒಂದು, ಬಗೆ ಯಾವುದು? ಮಾರುಕಟ್ಟೆಯಲ್ಲಿ ಏರ್ ವೆಂಟ್ ಎಂದು ಕೇಳಿದರೆ ನೀರಿನ ಲೈನಿಗೆ ಹಾಕುವ ತೇಲುಬುರುಡೆಯ ವೆಂಟನ್ನು ಕೊಟ್ಟುಬಿಡುವ ಸಂಭವವಿದೆ. ನೀರು ಬಂದಾಗ ಬುರುಡೆ ಮೇಲೇರಿ ಮುಚ್ಚುವುದು ಅದರ ಕ್ರಮ. ಉಗಿಗೆ ಬುರುಡೆಯನ್ನು ಎತ್ತುವ ಶಕ್ತಿಯಿಲ್ಲ. ಹೀಗಾಗಿ ಉಗಿಯ ಲೈನಿನಲ್ಲಿ ಅದು ಸದಾ ತೆರೆದ ಬಾಯಿ. ಉಗಿಗೆ ಬೇಕಾದುದು ತಾಪವನ್ನು ಗುರುತಿಸುವ ಥರ್ಮೋಸ್ಟ್ಯಾಟಿಕ್ ವೆಂಟ್. ಅದರಲ್ಲಿಯೂ ಒಳಗೆ ದ್ರವ ತುಂಬಿದ ಕ್ಯಾಪ್ಸೂಲ್ ಇರುವ, ಬ್ಯಾಲೆನ್ಸ್ಡ್ ಪ್ರೆಷರ್ ಎಂಬ ಮಾದರಿಯು ಒತ್ತಡ ಏರಿಳಿದಂತೆ ತನ್ನ ಮುಚ್ಚುವ ತಾಪವನ್ನೂ ಹೊಂದಿಸಿಕೊಳ್ಳುತ್ತದೆ. ಸೌದೆ, ಹೊಟ್ಟು ಉರಿಸುವ ಬಾಯ್ಲರಿನಲ್ಲಿ ಒತ್ತಡ ಗಂಟೆಗೊಂದು ಬಗೆಯಾಗಿರುತ್ತದೆ. ಇಂಥ ಕಡೆ ಒಂದೇ ತಾಪಕ್ಕೆ ಕಟ್ಟಿಹಾಕಿದ ಮಾದರಿಗಿಂತ ಇದು ಸೂಕ್ತ.

ಎರಡು, ಕೂರಿಸುವ ಸ್ಥಳ ಯಾವುದು? ಉತ್ತಮ ವೆಂಟನ್ನು ತಪ್ಪು ಜಾಗದಲ್ಲಿ ಕೂರಿಸಿದರೆ ಕೊಂಡ ಹಣವೂ ವ್ಯರ್ಥ. ಉಗಿ ಮುಂದೆ ಮುಂದೆ ಬರುತ್ತ ಗಾಳಿಯನ್ನು ತನ್ನೆದುರಿಗೆ ತಳ್ಳಿಕೊಂಡು ಹೋಗುತ್ತದೆ. ಆದ್ದರಿಂದ ಉಗಿ ಎಲ್ಲಿಂದ ಒಳಬರುವುದೋ ಅದಕ್ಕೆ ಅತಿ ದೂರವಾದ ಮೂಲೆಯೇ ಗಾಳಿಯ ಆಶ್ರಯಸ್ಥಾನ. ಒಂದೇ ತಾಪ, ಒಂದೇ ಒತ್ತಡದಲ್ಲಿ ಗಾಳಿಯು ಉಗಿಗಿಂತ ಭಾರ ಎಂಬುದನ್ನೂ ಮರೆಯಬಾರದು. ಉಗಿ ಮೇಲಿನಿಂದ ಬಂದರೆ ವೆಂಟು ಕೆಳಭಾಗದಲ್ಲಿ, ನೀರು ನಿಲ್ಲುವ ಮಟ್ಟಕ್ಕಿಂತ ತುಸು ಮೇಲೆ ಇರಬೇಕು. ಉಗಿ ಕೆಳಗಿನಿಂದ ಬಂದರೆ ಮೇಲ್ತುದಿಯಲ್ಲಿರಬೇಕು. ಬಾಯ್ಲರಿನಿಂದ ಡ್ರೈಯರಿನವರೆಗಿನ ಮುಖ್ಯ ಲೈನಿನ ಕೊನೆಗೂ ಒಂದು ವೆಂಟ್ ಬೇಕು. ವೆಂಟಿಗೆ ಹೋಗುವ ಸಣ್ಣ ಪೈಪಿಗೆ ಉಷ್ಣರೋಧಕ ಸುತ್ತಬಾರದು. ಗಾಳಿ ಬಂದಾಗ ಆ ಭಾಗ ತುಸು ತಣಿದರೆ ಮಾತ್ರ ಕ್ಯಾಪ್ಸೂಲಿಗೆ ತೆರೆಯುವ ಸೂಚನೆ ಸಿಗುತ್ತದೆ. ವೆಂಟಿನ ಹಿಂದೆ ಒಂದು ಬಂದ್ ಮಾಡುವ ವಾಲ್ವ್ ಇದ್ದರೆ ಉಗಿ ನಿಲ್ಲಿಸದೆ ದುರಸ್ತಿ ಮಾಡಬಹುದು. ಹೊರಬಾಯಿಯನ್ನು ಕೆಲಸಗಾರರು ಓಡಾಡದ ಕಡೆಗೆ ಪೈಪಿನಿಂದ ತಿರುಗಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಬೆಳಗಿನ ಹೊತ್ತು ಅದರಿಂದ ಚಿಮ್ಮುವ ಬಿಸಿ ಹನಿಗಳು ಕೈಮುಖಗಳನ್ನು ಸುಡುತ್ತವೆ.

ಮೂರು, ಸಾಮರ್ಥ್ಯ ಎಷ್ಟು? ಅರ್ಧ ಇಂಚು ಎಂಬುದು ವೆಂಟಿನ ಮರೆಯ ಅಳತೆಯೇ ಹೊರತು ಅದು ಬಿಡುವ ಗಾಳಿಯ ಅಳತೆಯಲ್ಲ. ಒಂದೇ ಮರೆಯ ಎರಡು ವೆಂಟುಗಳ ಒಳರಂಧ್ರದಲ್ಲಿ ಬಹಳ ಅಂತರ ಇರಬಹುದು. ಯಾವ ಒತ್ತಡದಲ್ಲಿ ಎಷ್ಟು ಗಾಳಿಯನ್ನು ಬಿಡುತ್ತದೆ ಎಂಬುದನ್ನು ತಯಾರಕರ ಪಟ್ಟಿಯಿಂದ ಬರೆಯಿಸಿಕೊಳ್ಳಬೇಕು. ಬೇಕಾದ ಗಾತ್ರವನ್ನು ಅಂದಾಜು ಮಾಡುವುದೂ ಕಷ್ಟವಲ್ಲ. 50 ಮಿ.ಮೀ. ಪೈಪು 60 ಮೀಟರ್ ಉದ್ದವಿದ್ದರೆ ಅದರಲ್ಲಿ ಸುಮಾರು 130 ಲೀಟರ್ ಗಾಳಿ ಇರುತ್ತದೆ. ಇದಕ್ಕೆ ರೇಡಿಯೇಟರಿನ ಒಳಗಾತ್ರವನ್ನು ಕೂಡಿಸಿ, ಎಷ್ಟು ನಿಮಿಷಗಳಲ್ಲಿ ಇದು ಹೊರಹೋಗಬೇಕು ಎಂದು ತೀರ್ಮಾನಿಸಿದರೆ ಲೆಕ್ಕ ಮುಗಿಯಿತು. ಒಂದರ ಮೇಲೊಂದು ಮೂರು ರೇಡಿಯೇಟರುಗಳಿದ್ದರೆ ಮೂರಕ್ಕೂ ಪ್ರತ್ಯೇಕ ವೆಂಟ್ ಇರಬೇಕು.

ನಾಲ್ಕು, ತಾಳುವ ಒತ್ತಡ ಎಷ್ಟು, ದಾಖಲೆ ಏನಿದೆ? ಬಾಯ್ಲರಿನ ಗರಿಷ್ಠ ಒತ್ತಡವನ್ನೂ ಆ ಒತ್ತಡದ ತಾಪವನ್ನೂ ವೆಂಟು ತಾಳಬೇಕು. 1923ರ ಭಾರತೀಯ ಬಾಯ್ಲರುಗಳ ಕಾಯಿದೆಯ ಬದಲಿಗೆ ಸಂಸತ್ತು 2025ರಲ್ಲಿ ಹೊಸ ಬಾಯ್ಲರುಗಳ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆ ಹೊಸದಾದರೂ ಉಗಿಯ ಉಪಕರಣಕ್ಕೆ ಪ್ರಮಾಣಪತ್ರ ಕೇಳುವ ಶಿಸ್ತು ಹಳೆಯದೇ. ಬಾಯ್ಲರ್ ನಿಯಮಾವಳಿ ಅನ್ವಯಿಸುವ ಲೈನಿಗೆ ಕೊಳ್ಳುವ ವಾಲ್ವು, ಫಿಟಿಂಗುಗಳಿಗೆ ಐಬಿಆರ್ ಪ್ರಮಾಣಪತ್ರವನ್ನು ಬಿಲ್ಲಿನೊಡನೆಯೇ ಪಡೆಯಬೇಕು. ಬಾಯ್ಲರ್ ನಿರೀಕ್ಷಕರು ಬಂದಾಗ ಹುಡುಕುವಂತಾಗಬಾರದು.

ಅಮೆರಿಕದ ಪಾಠ ಮತ್ತು ಒಂದು ಎಚ್ಚರಿಕೆ

ರೇಡಿಯೇಟರಿಗೆ ವೆಂಟ್ ಆರಿಸುವ ಪ್ರಶ್ನೆಯನ್ನು ಹೆಚ್ಚು ಚರ್ಚಿಸಿದವರು ಅಮೆರಿಕದ ಜನ. ಅಲ್ಲಿ ಉಗಿಯ ರೇಡಿಯೇಟರ್ ಮನೆಯನ್ನೇ ಕಾಯಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟಿನಲ್ಲಿ 1877ರಲ್ಲಿ ಬರ್ಡ್‌ಸಿಲ್ ಹಾಲಿ ಎಂಬವರು ಒಂದೇ ಬಾಯ್ಲರಿನಿಂದ ಹಲವು ಕಟ್ಟಡಗಳಿಗೆ ಉಗಿ ಹಂಚುವ ವ್ಯವಸ್ಥೆಯನ್ನು ನಡೆಸಿ ತೋರಿಸಿದರು. 1882ರಲ್ಲಿ ನ್ಯೂಯಾರ್ಕ್ ನಗರದಲ್ಲಿಯೂ ಬೀದಿಯಡಿಯ ಪೈಪುಗಳಲ್ಲಿ ಉಗಿಯ ಮಾರಾಟ ಆರಂಭವಾಯಿತು. ಆ ದೇಶದ ಹಳೆಯ ಕಟ್ಟಡಗಳಲ್ಲಿ ಇಂದಿಗೂ ಒಂದೇ ಪೈಪಿನ ರೇಡಿಯೇಟರುಗಳಿವೆ. ಪ್ರತಿಯೊಂದರ ಪಕ್ಕಕ್ಕೂ ಒಂದು ಪುಟ್ಟ ವೆಂಟ್ ಇರುತ್ತದೆ. ಬಾಯ್ಲರಿಗೆ ಹತ್ತಿರದ ಕೋಣೆಗೆ ನಿಧಾನವಾಗಿ ಗಾಳಿ ಬಿಡುವ ವೆಂಟ್, ದೂರದ ಕೋಣೆಗೆ ಬೇಗ ಬಿಡುವ ವೆಂಟ್, ಮುಖ್ಯ ಲೈನಿನ ಕೊನೆಗೆ ದೊಡ್ಡ ವೆಂಟ್ ಹಾಕುವುದು ಅವರು ಅನುಭವದಿಂದ ಕಲಿತ ಸೂತ್ರ. ಎಲ್ಲ ಕಡೆಯೂ ಒಂದೇ ವೆಂಟ್ ಹಾಕಿದರೆ ಹತ್ತಿರದ ಕೋಣೆ ಕುದಿಯುತ್ತದೆ, ದೂರದ ಕೋಣೆ ನಡುಗುತ್ತದೆ.

ಈ ಸೂತ್ರ ಇಲ್ಲಿಗೂ ಸಲ್ಲುತ್ತದೆ. ಒಂದೇ ಲೈನಿನಲ್ಲಿ ಎರಡು ಡ್ರೈಯರುಗಳಿದ್ದು ದೂರದ್ದು ಯಾವಾಗಲೂ ಹಿಂದೆ ಬೀಳುತ್ತಿದ್ದರೆ, ಮೊದಲು ನೋಡಬೇಕಾದುದು ಆ ದೂರದ ತುದಿಯ ವೆಂಟನ್ನು.

ಆದರೆ ಅವರ ಸೂತ್ರವನ್ನು ತರಬಹುದೇ ಹೊರತು ಅವರ ವೆಂಟನ್ನು ತರಬಾರದು. ಮನೆಯ ರೇಡಿಯೇಟರುಗಳು ಅತ್ಯಲ್ಪ ಒತ್ತಡದಲ್ಲಿ, ಬಾರಿನ ಒಂದು ಅಂಶದಷ್ಟರಲ್ಲೇ ನಡೆಯುತ್ತವೆ. ಅವುಗಳ ವೆಂಟುಗಳೂ ಅಷ್ಟಕ್ಕೇ ತಯಾರಾದವು. ಅಂತರ್ಜಾಲದಲ್ಲಿ "ರೇಡಿಯೇಟರ್ ಏರ್ ವೆಂಟ್" ಎಂದು ಹುಡುಕಿದರೆ ಇಂಥವೇ ಮೊದಲು ಕಾಣಬಹುದು, ಬೆಲೆಯೂ ಆಕರ್ಷಕವಾಗಿರಬಹುದು. ಹೆಸರು ಒಂದೇ ಎಂದು ತರಿಸಿ 5 ಬಾರ್ ಲೈನಿಗೆ ಕೂರಿಸಿದರೆ ಅಪಾಯ ತಪ್ಪಿದ್ದಲ್ಲ.

ಲೆಕ್ಕಪತ್ರದ ದೃಷ್ಟಿ

ವೆಂಟಿನ ಖರೀದಿಯಲ್ಲಿ ಅತಿ ಕಡಿಮೆ ಕೊಟೇಷನ್ನಿಗೆ ಮಣೆ ಹಾಕುವುದು ಉಳಿತಾಯದಂತೆ ಕಾಣುತ್ತದೆ. ಬಿಲ್ಲಿನ ಮೊತ್ತ ಕಣ್ಣಿಗೆ ಕಾಣುತ್ತದೆ, ನಷ್ಟವು ಸೌದೆಯ ಖಾತೆಯಲ್ಲಿ, ವಿದ್ಯುತ್ ಖಾತೆಯಲ್ಲಿ, ಕೂಲಿಯ ಖಾತೆಯಲ್ಲಿ ಚೂರುಚೂರಾಗಿ ಅಡಗಿಕೊಳ್ಳುತ್ತದೆ. ಅದನ್ನು ಹೊರಗೆಳೆದು ನೋಡುವುದು ಅಗತ್ಯ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಏಳು ಗಂಟೆಯ ಕೆಲಸ ಎಂಟು ಗಂಟೆಯಾಯಿತೆಂದು ಸೌದೆಯೂ ಏಳಕ್ಕೆ ಎಂಟರಂತೆ ಹೆಚ್ಚುತ್ತದೆ ಎಂದು ಲೆಕ್ಕ ಹಾಕುವುದು ಸರಿಯಲ್ಲ. ರೇಡಿಯೇಟರ್ ಕಡಿಮೆ ಶಾಖ ಕೊಟ್ಟಾಗ ಅದು ಉಗಿಯನ್ನೂ ಕಡಿಮೆಯೇ ಬಳಸುತ್ತದೆ. ಹೆಚ್ಚುವುದು ಬಾಯ್ಲರ್ ಮತ್ತು ಪೈಪುಗಳು ಸುಮ್ಮನೆ ಕಳೆದುಕೊಳ್ಳುವ ಶಾಖ, ಬ್ಲೋವರಿನ ವಿದ್ಯುತ್ತು ಮತ್ತು ಕೂಲಿ. 15 ಅಶ್ವಶಕ್ತಿಯ ಬ್ಲೋವರ್ ಪೂರ್ಣ ಹೊರೆಯಲ್ಲಿ ದಿನಕ್ಕೆ ಒಂದು ಗಂಟೆ ಹೆಚ್ಚು ಓಡಿದರೆ ಸುಮಾರು 11 ಯೂನಿಟ್, ವರ್ಷದ 200 ಕೆಲಸದ ದಿನಗಳಿಗೆ 2,200 ಯೂನಿಟ್. ಇದಕ್ಕಿಂತ ದೊಡ್ಡದು ಹೊರಬಾರದೆ ಉಳಿದ ಎಂಟನೆಯ ಲಾಟು. ಆವಕದ ದಿನಗಳಲ್ಲಿ ಒಣಗದೆ ಕುಳಿತ ಕಾಳಿನ ಮೇಲೆ ಬಡ್ಡಿ ಓಡುತ್ತದೆ, ತೇವದಲ್ಲಿ ಬೂಸಲು ಹಿಡಿದ ಉದ್ದಿಗೆ ದರವೂ ಬೀಳುತ್ತದೆ. 10 ಟನ್ ಕಾಳನ್ನು ಶೇ. 14ರ ತೇವಾಂಶದಿಂದ ಶೇ. 10ಕ್ಕೆ ಇಳಿಸಬೇಕಾದರೆ ಸುಮಾರು 444 ಕೆ.ಜಿ. ನೀರು ಹೊರಹೋಗಬೇಕು. ಈ ನೀರು ತಡವಾಗಿ ಹೋದಷ್ಟೂ ಬಂಡವಾಳ ತಡವಾಗಿ ತಿರುಗುತ್ತದೆ.

ಎದುರು ಬದಿಯ ನಷ್ಟವನ್ನೂ ಲೆಕ್ಕಿಸಬೇಕು. ವೆಂಟ್ ಕೆಟ್ಟು ತೆರೆದೇ ನಿಂತರೆ, 3 ಮಿ.ಮೀ. ರಂಧ್ರದಿಂದ 7 ಬಾರ್ ಒತ್ತಡದಲ್ಲಿ ಗಂಟೆಗೆ 25 ಕೆ.ಜಿ.ಯ ಆಸುಪಾಸು ಉಗಿ ಹೋಗುತ್ತದೆ. ಎಂಟು ಗಂಟೆಗೆ 200 ಕೆ.ಜಿ. ಒಂದು ಕೆ.ಜಿ. ಸೌದೆಗೆ ಮೂರೂವರೆ ಕೆ.ಜಿ. ಉಗಿ ಎಂದು ಹಿಡಿದರೂ ದಿನಕ್ಕೆ 57 ಕೆ.ಜಿ., 200 ದಿನಗಳಿಗೆ 11 ಟನ್ನಿಗೂ ಮಿಕ್ಕಿದ ಸೌದೆ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಗಳಿಕೆಗೆ ಹೇಗೋ ಸೋರಿಕೆಗೂ ಹಾಗೆಯೇ. ಆದ್ದರಿಂದ ವೆಂಟನ್ನು ಕೊಂಡು ಮರೆಯುವುದಲ್ಲ, ಅದರ ಬಿಡಿ ಕ್ಯಾಪ್ಸೂಲೊಂದನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುವುದೂ ಖರೀದಿಯ ಭಾಗವೇ.

ತೆರಿಗೆಯ ಅಂಶವೊಂದಿದೆ. ಕರವಿನಾಯಿತಿಯುಳ್ಳ ಸರಕನ್ನು ಮಾರುವವರಿಗೆ ಆ ಮಟ್ಟಿಗೆ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಬಿಡಿಯಾಗಿ, ದೊಡ್ಡ ಚೀಲಗಳಲ್ಲಿ ಬೇಳೆ ಮಾರುವ ಮಿಲ್ಲಿಗೆ ವೆಂಟಿನ ಮೇಲೆ ತೆತ್ತ ತೆರಿಗೆಯೂ ವೆಚ್ಚವೇ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೇಳೆಯನ್ನು ತೆರಿಗೆಗೆ ಒಳಪಡಿಸಲಾಯಿತು. ಎರಡೂ ಬಗೆಯ ಮಾರಾಟವಿರುವವರು ಜಮೆಯನ್ನು ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಬೇಕು. ಆದ್ದರಿಂದ ಕೊಟೇಷನ್ನುಗಳನ್ನು ಹೋಲಿಸುವಾಗ ತೆರಿಗೆ ಬಿಟ್ಟ ದರವನ್ನಲ್ಲ, ಮಿಲ್ಲಿಗೆ ನಿಜವಾಗಿ ಬೀಳುವ ದರವನ್ನು ಹೋಲಿಸಬೇಕು.

ಮಿಲ್ಲಿನ ಪುಸ್ತಕಗಳಲ್ಲಿ ಎರಡು ಸಣ್ಣ ಬದಲಾವಣೆಗಳು ಸಾಕು. ಆಸ್ತಿ ದಾಖಲೆಯಲ್ಲಿ ಪ್ರತಿ ವೆಂಟಿನ ಸ್ಥಳ, ಬಗೆ, ಕೊಂಡ ದಿನ, ಬದಲಿಸಿದ ದಿನವನ್ನು ನಮೂದಿಸುವುದು ಒಂದು. ಪ್ರತಿ ತಿಂಗಳು ಒಂದು ಕ್ವಿಂಟಲ್ ಬೇಳೆಗೆ ಎಷ್ಟು ಸೌದೆ, ಎಷ್ಟು ಯೂನಿಟ್ ವಿದ್ಯುತ್, ಡ್ರೈಯರಿನ ಎಷ್ಟು ಗಂಟೆ ಎಂದು ಬರೆದಿಡುವುದು ಇನ್ನೊಂದು. ಈ ಮೂರು ಅಂಕಿಗಳು ಒಟ್ಟಿಗೆ ಏರತೊಡಗಿದರೆ ಯಂತ್ರ ಏನನ್ನೋ ಹೇಳುತ್ತಿದೆ ಎಂದರ್ಥ.

ಸಂಸ್ಥೆಯ ಪಾತ್ರ

ವೆಂಟಿನ ಬಗ್ಗೆ ತಿಳಿದ ಫಿಟ್ಟರ್ ಸಿಗುವುದಿಲ್ಲ ಎಂಬುದು ಸಣ್ಣ ಮಿಲ್ಲುಗಳ ನ್ಯಾಯವಾದ ಆಕ್ಷೇಪ. ಒಬ್ಬೊಬ್ಬರೇ ಹೈದರಾಬಾದಿನಿಂದ ತಂತ್ರಜ್ಞರನ್ನು ಕರೆಸುವುದು ದುಬಾರಿ. ವಾಣಿಜ್ಯ ಸಂಸ್ಥೆಯಂಥ ಸಂಘಟನೆಯ ಅಗತ್ಯ ಕಾಣುವುದು ಇಲ್ಲಿಯೇ. ಬೀದರಿನಲ್ಲಿ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜು ಇದೆ, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಇದೆ. ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟಿನ ವಿಷಯ ಬೇಕು, ಮಿಲ್ಲುಗಳಿಗೆ ಅಳತೆ ಮಾಡುವವರು ಬೇಕು. ಆವಕದ ಹಂಗಾಮಿಗೆ ಮುನ್ನ ಸದಸ್ಯರ ಡ್ರೈಯರುಗಳಲ್ಲಿ ಒತ್ತಡ ಮತ್ತು ತಾಪಗಳನ್ನು ಅಳೆದು ತಾಳೆ ನೋಡುವ ಕೆಲಸವನ್ನು ಇವರಿಗೆ ವಹಿಸಬಹುದು. ಬಾಯ್ಲರ್ ಅಟೆಂಡೆಂಟರಿಗೆ ಒಂದು ದಿನದ ತರಬೇತಿಯನ್ನು ಏರ್ಪಡಿಸಬಹುದು. ಒಂದೇ ಬಗೆಯ ವೆಂಟುಗಳನ್ನು ಹತ್ತಾರು ಮಿಲ್ಲುಗಳು ಕೂಡಿ ತರಿಸಿದರೆ ದರವೂ ಇಳಿಯುತ್ತದೆ, ಬಿಡಿಭಾಗವೂ ಊರಲ್ಲೇ ಸಿಗುತ್ತದೆ.

ಡ್ರೈಯರಿನ ರೇಡಿಯೇಟರಿಗೆ ತಲೆಕೆಡಿಸಿಕೊಳ್ಳುವಷ್ಟು ಪುರುಸೊತ್ತು ವರ್ತಕನಿಗೆಲ್ಲಿ ಎಂಬ ಮಾತು ಕೇಳಿಬರಬಹುದು. ಒಂದು ಚೀಲದಲ್ಲಿ ಅರ್ಧ ಕೆ.ಜಿ. ತೂಕ ಕಡಿಮೆ ಬಂದರೆ ಗಂಜದಲ್ಲಿ ಯಾವ ವರ್ತಕನೂ ಸುಮ್ಮನಿರುವುದಿಲ್ಲ, ಕಾಟಾ ಮತ್ತೊಮ್ಮೆ ನೋಡಿಸುತ್ತಾನೆ. ಅಷ್ಟೇ ಗಮನವನ್ನು ವರ್ಷಕ್ಕೆ ಒಂದು ದಿನ ರೇಡಿಯೇಟರಿನ ಕೊನೆಯ ಮೂಲೆಗೆ ಕೊಟ್ಟರೆ ಸಾಕು. ಹೊಸ ಬಾಯ್ಲರಿಗೆ ಸಾಲದ ಅರ್ಜಿ ಬರೆಯುವ ಮೊದಲು, ಒತ್ತಡ ಏರಿಸೆಂದು ಹೇಳುವ ಮೊದಲು, ಗಾಳಿ ಹೊರಹೋಗುತ್ತಿದೆಯೇ ಎಂದು ಕೇಳುವ ರೂಢಿಯನ್ನು ಉದ್ದಿಮೆದಾರರು ಬೆಳೆಸಿಕೊಳ್ಳಬೇಕು. ಮುಂದಿನ ಹೆಸರು, ಉದ್ದಿನ ಆವಕಕ್ಕೆ ಮುಂಚೆಯೇ ಈ ಪರೀಕ್ಷೆ ನಡೆಯುವುದು ಉಚಿತ.